ಮಾಡರೇಟರ್ ಮೇಹೆಮ್ ಆಡಿಸುವ ಬಗೆ

ಕಲಬುರಗಿಯ ಬ್ರಹ್ಮಪುರದಲ್ಲಿ ನನ್ನ ಟ್ಯೂಷನ್ ಇದೆ. ಫೋನ್ ಹಿಡಿಯುವ ಮಕ್ಕಳಿಗೆಲ್ಲ ‘ಮಾಡರೇಟರ್ ಮೇಹೆಮ್’ ಆಡಿಸುತ್ತೇನೆ. 2023ರಲ್ಲಿ ಬಂದ ಆಟ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಇಂಗ್ಲಿಷ್‌ನಲ್ಲಿದೆ, ಹಾಗಾಗಿ ಪ್ರತಿ ಕಾರ್ಡನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ.

ಆಟದಲ್ಲಿ ಆಡುವವರೇ ಮಾಡರೇಟರ್, ಅಂದರೆ ಒಂದು ಆ್ಯಪ್‌ನಲ್ಲಿ ಯಾವ ಪೋಸ್ಟ್ ಉಳಿಯಬೇಕು ಅಂತ ತೀರ್ಮಾನಿಸುವವರು. ಜನ ದೂರು ಕೊಟ್ಟ ಪೋಸ್ಟುಗಳು ಕಾರ್ಡುಗಳ ರೂಪದಲ್ಲಿ ಒಂದೊಂದಾಗಿ ಬರುತ್ತವೆ. ಇಡಬೇಕೋ, ತೆಗೆಯಬೇಕೋ? ಬೆರಳಿನಿಂದ ಒಂದು ಕಡೆ ಸರಿಸಬೇಕು. ಅನುಮಾನ ಬಂದರೆ ‘ಲುಕ್ ಕ್ಲೋಸರ್’ ಒತ್ತಿ, ಹಿಂದಿನ ಸಂಗತಿ ತಿಳಿಯುತ್ತದೆ. ಎಲ್ಲದಕ್ಕೂ ಒತ್ತುತ್ತಾ ಕೂತರೆ ಸಮಯ ಸಾಲುವುದಿಲ್ಲ.

ಇಲ್ಲಿ ಸುಮ್ನೆ ಮುಂದೆ ಹೋಗಬೇಡಿ, ಮಕ್ಕಳನ್ನು ಮಾತಾಡಿಸಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳನ್ನು ಪರದೆ ಮೇಲೆ ಹಿಡಿದೇ ಕೇಳಿದಳು: “ಸರ್, ‘ಕೊಂದೇ ಬಿಡ್ತೀನಿ’ ಅಂತ ನಮ್ಮಕ್ಕ ದಿನಾ ಅಂತಾಳ್ರಿ. ಅದು ಪ್ರೀತಿ ಅಂತ ಬ್ಯಾರೇ ಊರಿನವರಿಗೆ ಹ್ಯಾಂಗ ಗೊತ್ತಾಗಬೇಕ್ರಿ?” ಆಟ ನಿಲ್ಲಿಸಿ ಅರ್ಧ ಗಂಟೆ ಅದನ್ನೇ ಮಾತಾಡಿದೆವು.