ಮಾಲಕರಿಗಿಂತ ನೌಕರನ ಪಗಾರ ಜಾಸ್ತಿ: ಮನೆ ಸಾಲ ತಗೊಂಡ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮ ಕಾಕಾನದೊಂದು ಮಷೀನ್ ಶಾಪ್ ಇದೆ. ಕಂಪ್ಯೂಟರ್‌ನಿಂದ ನಡೆಯುವ ಎರಡು ಸಿಎನ್‌ಸಿ ಮಷೀನು, ಮೂರು ಹಳೇ ಲೇತ್, ಒಂಬತ್ತು ಜನ ಕೆಲಸದವರು. ಫೌಂಡ್ರಿಯಿಂದ ಕಾಸ್ಟಿಂಗ್ ತಂದು ಮಷೀನಿಂಗ್ ಮಾಡಿ ಕೊಡುವ ಜಾಬ್ ವರ್ಕ್. ಡಿಪ್ಲೊಮಾ ಮುಗಿದ ಮರುವಾರವೇ ನಾನು ಅಲ್ಲಿಗೆ ಸೇರಿದೆ. ಸೇರಿದೆ ಅನ್ನುವುದೂ ತಪ್ಪೇ. ಮನೆಯ ಹುಡುಗ, ಹೋಗಿ ನಿಂತೆ ಅಷ್ಟೇ.

ಕೆಲಸದವರಿಗೆ ಶನಿವಾರ ಬಟವಾಡೆ. ನನಗೆ ಅದಿರಲಿಲ್ಲ. ಮಗನ ಶಾಲೆಯ ಫೀ, ಅವ್ವನ ಗುಳಿಗೆ, ಮನೆಯ ಕಿರಾಣಿ, ಏನು ಬೇಕೋ ಅದಕ್ಕೆ ಕಾಕಾನ ಹತ್ತಿರ ಕೇಳಿ ತೆಗೆದುಕೊಳ್ಳುವುದು. ತಿಂಗಳಿಗೆ ನಲವತ್ತೈದು ಸಾವಿರದ ಆಸುಪಾಸು ಆಗುತ್ತಿತ್ತು. ಹನ್ನೊಂದು ವರ್ಷ ಹೀಗೇ ಹೋಯಿತು. 2022ರಲ್ಲಿ ಮನೆ ಸಾಲ ಕೇಳಲು ಹೋದಾಗಲೇ ಗೊತ್ತಾಗಿದ್ದು, ಬ್ಯಾಂಕಿನ ಲೆಕ್ಕದಲ್ಲಿ ನಾನು ನಿರುದ್ಯೋಗಿ.

ಮೂರು ತಿಂಗಳ ಸ್ಯಾಲರಿ ಸ್ಲಿಪ್, ಆರು ತಿಂಗಳ ಸ್ಟೇಟ್‌ಮೆಂಟ್, ಎರಡು ವರ್ಷದ ಫಾರ್ಮ್ 16 (ಪಗಾರ, ಅದರ ತೆರಿಗೆಯ ಲೆಕ್ಕ ಬರೆದು ಮಾಲಕರು ಕೊಡುವ ಪತ್ರ) ತನ್ನಿ ಅಂದರು. ಸ್ಲಿಪ್ ತಾನೇ ಅಂತ ಶಾಪಿನ ಲೆಟರ್‌ಹೆಡ್ ಮೇಲೆ ನಾನೇ ಟೈಪ್ ಮಾಡಿದೆ. ತಿಂಗಳಿಗೆ 45,000. ಕಾಕಾ ಸಹಿ ಹಾಕಿದ. ಪೂರ್ತಿ ಸುಳ್ಳೇನೂ ಅಲ್ಲ, ಅಷ್ಟು ಬರುತ್ತಿದ್ದದ್ದು ನಿಜ. ಆದರೆ ಸ್ಟೇಟ್‌ಮೆಂಟ್‌ನಲ್ಲಿ ಆ ದುಡ್ಡು ಎಲ್ಲೂ ಇಲ್ಲ. ಅಧಿಕಾರಿ ಸ್ಲಿಪ್‌ನ ಸಹಿ ನೋಡಿದರು, ನನ್ನ ಅಡ್ಡಹೆಸರು ನೋಡಿದರು. ಎರಡೂ ಒಂದೇ. ‘ಮನೆ ಫರ್ಮ್ ಇದ್ರ ಮಾಲಕರ ರಿಟರ್ನ್ ಸೈತ ಬೇಕಾಗ್ತೈತ್ರಿ’ ಅಂದರು.

ಅಲ್ಲಿ ಸಿಕ್ಕಿಬಿದ್ದೆವು. ಕಾಕಾ ವರ್ಷಾನುಗಟ್ಟಲೆ ಅಂದಾಜು ಲಾಭದ ಮೇಲೆ ರಿಟರ್ನ್ ತುಂಬುತ್ತಿದ್ದ. ಸಣ್ಣ ಉದ್ಯಮದವರಿಗೆ ಆದಾಯ ತೆರಿಗೆ ಕಾನೂನೇ ಕೊಟ್ಟ ದಾರಿ ಅದು. ಪೂರ್ತಿ ಲೆಕ್ಕಪುಸ್ತಕ ಬೇಡ. ಬ್ಯಾಂಕಿನ ಮೂಲಕ ಬಂದ ವಹಿವಾಟಿನ ಮೇಲೆ ಕನಿಷ್ಠ ಶೇ 6, ನಗದಿನ ಮೇಲೆ ಶೇ 8 ಲಾಭ ತೋರಿಸಿದರೆ ಆಯಿತು. ನಮ್ಮದು ಸುಮಾರು 80 ಲಕ್ಷದ ವಹಿವಾಟು. ಅಂದರೆ ಶೇ 6ರ ಲೆಕ್ಕದಲ್ಲಿ ಕಾಕಾನ ವರ್ಷದ ಆದಾಯ 4.8 ಲಕ್ಷ, ತೆರಿಗೆ ಸೊನ್ನೆ. ನನ್ನ ಸ್ಲಿಪ್ ಪ್ರಕಾರ ನನ್ನದು 5.4 ಲಕ್ಷ.

‘ಮಾಲಕರಿಗಿಂತ ನೌಕರರ ಪಗಾರ ಜಾಸ್ತಿ ಐತಲ್ರೀ ಸರ್?’

ಅವರು ನಗಲಿಲ್ಲ. ನನಗೆ ಮಾತ್ರ ನಗು ಬಂತು, ಆಮೇಲೆ ನಾಚಿಕೆ. ಫೈಲು ವಾಪಸ್ ಬಂತು.

ಟಿಳಕವಾಡಿಯಲ್ಲಿರುವ ನಮ್ಮ ಸಿಎ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟು. ಒಂದೋ ಪಾಲುದಾರ ಆಗು, ಇಲ್ಲಾ ನೌಕರ ಆಗು. ಎರಡರ ನಡುವೆ ನಿಂತವನಿಗೆ ಸಾಲ ಸಿಗುವುದಿಲ್ಲ. ಪಾಲುದಾರನಾದರೆ ಫರ್ಮಿನಿಂದ ಬರುವ ಸಂಭಾವನೆ ಕಾನೂನಿನಲ್ಲಿ ಪಗಾರ ಅನಿಸಿಕೊಳ್ಳುವುದಿಲ್ಲ, ವ್ಯಾಪಾರದ ಆದಾಯ. ಆಗ ಬ್ಯಾಂಕು ಫರ್ಮಿನ ಎರಡು ಮೂರು ವರ್ಷದ ಬ್ಯಾಲೆನ್ಸ್ ಶೀಟು ಕೇಳುತ್ತದೆ, ಫರ್ಮಿನ ಸಾಲವನ್ನೂ ತೂಗಿ ನೋಡುತ್ತದೆ. ಕಾಕಾ ಸಿಎನ್‌ಸಿಗೆ ತೆಗೆದ ಸಾಲ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ನೌಕರನ ದಾರಿ ಆರಿಸಿಕೊಂಡೆ. ಪಗಾರ ಎಷ್ಟು ಬರೆಯಬೇಕು ಅಂತ ಕೇಳಿದ್ದಕ್ಕೆ ಸಿಎ, ‘ಪಕ್ಕದ ಶಾಪಿನ ಸೂಪರ್‌ವೈಸರ್‌ಗೆ ಎಷ್ಟು ಕೊಡ್ತಾರೋ ಅಷ್ಟ ಬರೀರಿ. ಮನಿ ಮಂದಿ ಅಂತ ಜಾಸ್ತಿ ಬರದ್ರ ಬ್ಯಾಂಕಿನವ್ರೂ ನಂಬೂದಿಲ್ಲ, ತೆರಿಗೆಯವ್ರೂ ಬಿಡೂದಿಲ್ಲ’ ಅಂದರು.

ಕಾಗದದ ಕೆಲಸ ಸುಲಭ. ಮನೆಯಲ್ಲಿ ಮಾತಾಡುವುದು ಕಷ್ಟ. ನನ್ನನ್ನು ನೌಕರ ಅಂತ ಬರೆಯಬೇಕು ಅಂದಾಗ ಕಾಕಾ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ‘ನಿನಗ ನಾ ಏನ್ ಕಡಿಮಿ ಮಾಡೀನಿ? ಪಗಾರದ ಚೀಟಿ ಕೊಡಾಕ ನೀ ಹೊರಗಿನವನೇನು?’ ಅವ್ವನ ಭಯ ಇದಕ್ಕೆ ಸರಿಯಾಗಿ ಉಲ್ಟಾ. ಶಾಪು ಶುರು ಮಾಡಿದ್ದು ಅಪ್ಪ ಮತ್ತು ಕಾಕಾ ಇಬ್ಬರೂ. ಅಪ್ಪ ಈಗಿಲ್ಲ. ‘ನೌಕರ ಅಂತ ಸಹಿ ಮಾಡಿಬಿಟ್ರ ನಾಳೆ ನಿನ್ನ ಪಾಲು ಎಲ್ಲೈತಿ ಅಂತ ಕೇಳಿದ್ರ ಏನ್ ಹೇಳ್ತಿ?’ ಒಬ್ಬರಿಗೆ ನಾನು ದೂರವಾದೆ ಅನ್ನುವ ನೋವು, ಇನ್ನೊಬ್ಬರಿಗೆ ನನ್ನನ್ನು ದೂರ ಮಾಡುತ್ತಾರೆ ಅನ್ನುವ ಹೆದರಿಕೆ. ಕೊನೆಗೆ ಇಬ್ಬರನ್ನೂ ಸಿಎ ಮುಂದೆ ಕೂರಿಸಿದೆ. ಶೆಡ್ಡಿನ ಉತಾರ, ಅಂದರೆ ಜಾಗದ ದಾಖಲೆ, ಅಪ್ಪ ಮತ್ತು ಕಾಕಾ ಇಬ್ಬರ ಹೆಸರಲ್ಲಿದೆ. ‘ಪಾಲು ಇರೂದು ಉತಾರದಾಗ ರೀ ಅಕ್ಕಾರ, ಪಗಾರ ಚೀಟಿಯೊಳಗಲ್ಲ’ ಅಂದರು ಸಿಎ. ಅವ್ವ ಉತಾರ ತೆಗೆಸಿ ಅಪ್ಪನ ಹೆಸರು ಕಣ್ಣಾರೆ ನೋಡಿದ ಮೇಲೆ ಒಪ್ಪಿದಳು.

ಕಾಕಾ ಒಪ್ಪುವುದಕ್ಕೆ ಇನ್ನೊಂದು ಬೆಲೆ ಇತ್ತು. ನನ್ನ ಪಗಾರ ನಂಬುವ ಹಾಗೆ ಕಾಣಬೇಕಾದರೆ ಅವನ ಆದಾಯವೂ ನಿಜಕ್ಕೆ ಹತ್ತಿರ ಇರಬೇಕು. ಪೂರ್ತಿ ಲೆಕ್ಕ ಬರೆಸಿದೆವು. ನನ್ನ ಪಗಾರ ಕಳೆದು ಅವನ ಆದಾಯ ಹತ್ತೂವರೆ ಲಕ್ಷ ಬಂತು. ಸೊನ್ನೆ ಇದ್ದ ತೆರಿಗೆ ಒಂದು ಲಕ್ಷದ ಹತ್ತಿರ ಹೋಯಿತು. ಎರಡು ವರ್ಷ ಹಾಗೆ ಕಟ್ಟಿದ. ಅರ್ಧ ನಾನು ಕೊಡುತ್ತೇನೆ ಅಂದೆ, ಬೈದ. ಈ ಋಣವನ್ನು ಯಾವ ಕಂತಿನ ಪಟ್ಟಿಯಲ್ಲಿ ಬರೆಯಲಿ ಹೇಳಿ.

ಉಳಿದದ್ದು ಬೇಗ ಹೇಳುತ್ತೇನೆ. ಪ್ರತಿ ತಿಂಗಳ 1ನೇ ತಾರೀಖು ಫರ್ಮಿನ ಖಾತೆಯಿಂದ ನನ್ನ ಖಾತೆಗೆ ಪಗಾರ. ವೃತ್ತಿ ತೆರಿಗೆ 200 ರೂಪಾಯಿ ಮುರಿದು. ಪಗಾರದಲ್ಲಿ ತೆರಿಗೆ ಮುರಿದು ಕಟ್ಟುವವರಿಗೆ ಬೇಕಾದ ಟ್ಯಾನ್ ನಂಬರೇ ಫರ್ಮಿಗೆ ಇರಲಿಲ್ಲ, ತೆಗೆಸಿದೆವು. ನನಗೆ ತೆರಿಗೆ ಬೀಳದಿದ್ದರೂ ಫಾರ್ಮ್ 16 ಮಾಡಿಸಿದೆವು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹತ್ತನೆಯದು. ಸಾಲ ಕಟ್ಟುವ ಚರಿತ್ರೆಗೆ ಕೊಡುವ ಅಂಕ, ಸಿಬಿಲ್ ಸ್ಕೋರ್, 762 ಇತ್ತು. ಆದರೆ ಮಾಮಾನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು ಆ ರಿಪೋರ್ಟಿನಲ್ಲಿ ಕೂತಿತ್ತು. ಜಾಮೀನು ಹಾಕಿದ್ದೇ ನನಗೆ ಮರೆತಿತ್ತು. ಅವನು ಕಂತು ತಪ್ಪಿಸಿರಲಿಲ್ಲ, ಪುಣ್ಯ.

ಈ ಮಧ್ಯೆ ಊರ ಹೊರಗೆ ಬಾಂಡ್ ಪೇಪರ್ ಮೇಲೆ ಮಾರುವ ಗುಂಟೆ ಪ್ಲಾಟು ಸೋವಿಗೆ ಬಂತು. ತಗೊಳ್ಳಲಿಲ್ಲ. ಎನ್‌ಎ (ಕೃಷಿಯೇತರ) ಆಗದ, ಲೇಔಟ್ ಮಂಜೂರಿ ಇಲ್ಲದ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಅನಗೋಳದ ಕಡೆ ಕಾಗದ ಸರಿ ಇದ್ದ ಕಟ್ಟಿದ ಮನೆ ಸಿಕ್ಕಿತು. 29 ಲಕ್ಷ.

2024ರಲ್ಲಿ ಬೇರೆ ಬ್ಯಾಂಕಿಗೆ ಅರ್ಜಿ ಹಾಕಿದೆ. ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಪರಿಶೀಲನೆಗೆ ಬರುವ ಹುಡುಗ ಹೇಳದೆ ಕೇಳದೆ ಶಾಪಿಗೆ ಬಂದ. ನಾನು ಫೌಂಡ್ರಿಗೆ ಹೋಗಿದ್ದೆ. ಲೇತ್ ಮೇಲಿದ್ದ ನಮ್ಮ ಹಿರಿಯ ಮೇಸ್ತ್ರಿಯನ್ನು ನನ್ನ ಫೋಟೋ ತೋರಿಸಿ, ಇವರು ಇಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ಕೇಳಿದನಂತೆ.

‘ಇವ್ರಾ? ನಮ್ಮ ಸಣ್ಣ ಮಾಲಕ್ರು!’

ಎರಡು ವರ್ಷದ ಕೆಲಸ ಒಂದೇ ಮಾತಿಗೆ ಹೋಯಿತು ಅಂದುಕೊಂಡೆ. ಮರುದಿನ ಮ್ಯಾನೇಜರ್ ಕರೆದರು. ಏನೂ ಮುಚ್ಚಿಡಲಿಲ್ಲ. ಮಾಲಕರು ನನ್ನ ಕಾಕಾ, ಫರ್ಮು ಅವರೊಬ್ಬರದೇ, ನಾನು ಪಗಾರದವನು, ಕೆಲಸದವರು ಪ್ರೀತಿಯಿಂದ ಹಾಗೆ ಕರೆಯುತ್ತಾರೆ ಅಂದೆ. ಅವರು ಜಿಎಸ್‌ಟಿ ಪತ್ರದಲ್ಲಿ ಮಾಲಕರ ಹೆಸರು ನೋಡಿದರು, ಹಾಜರಿ ಪುಸ್ತಕ ನೋಡಿದರು, 24 ತಿಂಗಳ ಪಗಾರದ ಜಮಾ ನೋಡಿದರು. ಸಂಬಂಧ ಮುಚ್ಚಿಟ್ಟಿದ್ದರೆ ಅಲ್ಲೇ ಮುಗಿಯುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

22 ಲಕ್ಷ ಮಂಜೂರಾಯಿತು. ಶೇ 8.75 ಬಡ್ಡಿ, 20 ವರ್ಷ, ತಿಂಗಳ ಕಂತು 19,440ರ ಹತ್ತಿರ. ಪಗಾರದ ಅರ್ಧದೊಳಗೇ ಕೂತಿತು. ಮುದ್ರಾಂಕ ಮತ್ತು ನೋಂದಣಿ ಖರ್ಚು ಸಾಲದಲ್ಲಿ ಬರುವುದಿಲ್ಲ, ಅದು ಕೈಯಿಂದಲೇ. ಹೆಂಡತಿಯ ಭಿಶಿ (ಚೀಟಿ) ದುಡ್ಡು ಅದಕ್ಕೇ ಹೋಯಿತು.

ಗೃಹಪ್ರವೇಶಕ್ಕೆ ಮೇಸ್ತ್ರಿ ಬಂದಿದ್ದ. ಹೊಸ್ತಿಲಲ್ಲೇ ನಿಂತು ಕೇಳಿದ. ‘ಇವತ್ತರ ಅನ್ಬಹುದಲ್ರೀ, ಮಾಲಕ್ರು ಅಂತ?’

‘ಇನ್ನ ಹತ್ತೊಂಬತ್ತು ವರ್ಷ ಹನ್ನೊಂದು ತಿಂಗಳು ತಡೀರಿ’ ಅಂದೆ.