ಆರಿಸಿದರೂ ಆರದ ಉಪಕರಣಗಳು

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಫ್ಲ್ಯಾಟಿನ ವಿದ್ಯುತ್ ಬಿಲ್ಲು ಎ.ಸಿ. ಹಾಕದ ತಿಂಗಳುಗಳಲ್ಲಿಯೂ 300 ಯೂನಿಟ್ ದಾಟತೊಡಗಿದಾಗ, ಯಾವ ಉಪಕರಣ ಎಷ್ಟು ಎಳೆಯುತ್ತಿದೆ ಎಂದು ಅಳೆಯದೆ ಸುಮ್ಮನೆ ಸ್ವಿಚ್ಚುಗಳನ್ನು ಆರಿಸುತ್ತ ಓಡಾಡುವುದು ವ್ಯರ್ಥವೆನಿಸಿತು. ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದ ಗೃಹಬಳಕೆಯ ದರ 100, 300, 500 ಯೂನಿಟ್ಟುಗಳ ಹಂತಗಳಲ್ಲಿ ಏರುವುದರಿಂದ, ಉಳಿಸಿದ ಯೂನಿಟ್ಟು ಕಡಿಮೆಯಾಗುವುದು ದುಬಾರಿ ಹಂತದಿಂದಲೇ.

ಮೊದಲ ಅಳತೆಗೆ ಏನನ್ನೂ ಕೊಳ್ಳಬೇಕಾಗಲಿಲ್ಲ. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಮಿನುಗುವ ಚಿಕ್ಕ ಕೆಂಪು ದೀಪದ ಬಳಿ, ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಅಚ್ಚಾಗಿರುತ್ತದೆ. ನಮ್ಮದರಲ್ಲಿ ಅದು 3200. ಒಂದು ಯೂನಿಟ್ಟೆಂದರೆ 36 ಲಕ್ಷ ವ್ಯಾಟ್-ಸೆಕೆಂಡು, ಅದನ್ನು 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125. ಹಾಗಾಗಿ ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಹೊತ್ತಿನ ವ್ಯಾಟ್ ತಿಳಿಯುತ್ತದೆ. ಮೀಟರುಗಳಿರುವುದು ಕೆಳಗಿನ ಪಾರ್ಕಿಂಗಿನಲ್ಲಿ. ಮಗಳು ಮೇಲೆ ಫ್ರಿಜ್, ಫ್ಯಾನು, ದೀಪಗಳನ್ನೆಲ್ಲ ಆರಿಸಿ ಫೋನಿನಲ್ಲಿ ತಿಳಿಸಿದ ಮೇಲೂ ಆ ದೀಪ 25 ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇತ್ತು. ಅಂದರೆ ಯಾರೂ ಏನನ್ನೂ ಬಳಸದಿರುವಾಗಲೂ 45 ವ್ಯಾಟ್, ತಿಂಗಳಿಗೆ ಸುಮಾರು 32 ಯೂನಿಟ್!

ಎಲ್ಲಿ ಸೋರುತ್ತಿದೆ ಎಂದು ಹುಡುಕಲು, ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರನ್ನು ತಂದೆ. ಎಲ್ಲರೂ ಬೈಯುವ ಮೊಬೈಲ್ ಚಾರ್ಜರು, ಫೋನ್ ಸಿಕ್ಕಿಸದಿದ್ದಾಗ, ಸೊನ್ನೆಯ ಆಸುಪಾಸಿನಲ್ಲಿಯೇ ನಿಂತಿತು. ಸೆಟ್‌ಟಾಪ್ ಬಾಕ್ಸ್ ಮಾತ್ರ ಚಾಲೂ ಇದ್ದಾಗ 11 ವ್ಯಾಟ್, ರಿಮೋಟಿನಿಂದ ಆರಿಸಿದಾಗ 10 ವ್ಯಾಟ್ ತೋರಿಸಿತು. ರಿಮೋಟು ಆರಿಸುವುದು ಚಿತ್ರವನ್ನೇ ಹೊರತು ಯಂತ್ರವನ್ನಲ್ಲ. ಒತ್ತಿದ ಕೂಡಲೇ ಚಾಲೂ ಆಗುವ ಸೌಲಭ್ಯಕ್ಕಾಗಿ ಟಿ.ವಿ. 9 ವ್ಯಾಟ್, ಕಂಪ್ಯೂಟರಿನ ಮಾನಿಟರ್ ಮತ್ತು ಸ್ಪೀಕರುಗಳು ಸೇರಿ 5 ವ್ಯಾಟ್ ಎಳೆಯುತ್ತಿದ್ದವು. ಏಪ್ರಿಲ್, ಮೇ ಬಿಟ್ಟರೆ ನಮಗೆ ಬೇಡದ ಎ.ಸಿ.ಯ ಸ್ಟೆಬಿಲೈಸರಿನ ಪಾಲು 6 ವ್ಯಾಟ್.

ಸ್ಟೆಬಿಲೈಸರಿನ ಸ್ವಿಚ್ಚನ್ನು ಬೇಸಿಗೆಯವರೆಗೆ ಆರಿಸಿದೆ. ಮಾನಿಟರ್ ಮತ್ತು ಸ್ಪೀಕರುಗಳ ಸ್ವಿಚ್ಚನ್ನೂ ಬಳಸದಿರುವಾಗ ಆರಿಸತೊಡಗಿದೆ. ಟಿ.ವಿ. ಮತ್ತು ಬಾಕ್ಸಿನ ಪ್ಲಗ್ಗುಗಳು ಕಪಾಟಿನ ಹಿಂದೆ ಕೈಗೆಟುಕದಂತಿದ್ದವು. ಯಾರೂ ಆರಿಸದಿರಲು ಅದೇ ಕಾರಣವೆಂದು ನನ್ನ ಎಣಿಕೆ. ಎರಡನ್ನೂ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಜೋಡಿಸಿ, ಅದರ ಸ್ವಿಚ್ಚನ್ನು ಸೋಫಾದ ಪಕ್ಕಕ್ಕೆ ತಂದೆ. ಧಾರವಾಡದಿಂದ ಬಂದು ನಮ್ಮೊಡನಿರುವ ಮಾವನವರು, "ಅಳಿಯಂದ್ರ, ಬಾಕ್ಸ್ ಚಾಲೂ ಆಗೂತನಕ ವಾರ್ತೆ ಮುಗದ ಹೋಗತಾವ" ಎಂದು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ, ಬಾಕ್ಸಿಗೆ ಎಚ್ಚರಗೊಳ್ಳಲು ಸಮಯ ಬೇಕು. ಈಗ ಅವರು ಚಹಾ ಕುದಿಯಲು ಇಟ್ಟಾಗಲೇ ಸ್ವಿಚ್ ಹಾಕುತ್ತಾರೆ.

ರೂಟರಿನ 7 ವ್ಯಾಟ್ ಮತ್ತು ಇನ್ವರ್ಟರಿನ 8 ವ್ಯಾಟ್ ಹಾಗೆಯೇ ಉಳಿದಿವೆ, ಏಕೆಂದರೆ ಮನೆಯಿಂದಲೇ ಕೆಲಸ ಮಾಡುವವರಿಗೆ ಅವೆರಡೂ ಬೇಕು. ಮತ್ತೆ ಎಣಿಸಿದಾಗ ಕೆಂಪು ದೀಪ 75 ಸೆಕೆಂಡಿಗೊಮ್ಮೆ ಮಿನುಗಿತು. 30 ವ್ಯಾಟ್ ಇಳಿದಿತ್ತು. ಫ್ರಿಜ್ಜಿನ ಕಂಪ್ರೆಸರ್ ಆಗಾಗ ನಿಂತು ಚಾಲೂ ಆಗುವುದರಿಂದ ಅದನ್ನು ಕ್ಷಣದ ವ್ಯಾಟಿನಿಂದ ತೂಗುವಂತಿಲ್ಲ. ವ್ಯಾಟ್ ಮೀಟರನ್ನು 24 ಗಂಟೆ ಸಿಕ್ಕಿಸಿಟ್ಟು ಒಟ್ಟು ಯೂನಿಟ್ ಓದಬೇಕು. ಈ ವಾರ ಆ ಅಳತೆ ನಡೆದಿದೆ.