ಕೆಲಸದ ಜಾಗದಲ್ಲೇ ಕಲಿಕೆ: ಅಂಗವಿಕಲರ ತರಬೇತಿಗೆ ಉದ್ಯೋಗದಾತರೊಂದಿಗೆ ಕೈಜೋಡಿಸುವುದು ಹೇಗೆ?

ಅಂಗವಿಕಲರ ವೃತ್ತಿ ತರಬೇತಿಯಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮವೆಂದರೆ ಮೊದಲು ಕಲಿಸುವುದು, ಆಮೇಲೆ ಕೆಲಸ ಹುಡುಕುವುದು. ಕೇಂದ್ರದಲ್ಲಿ ಯಾವ ಯಂತ್ರವಿದೆಯೋ, ಯಾವ ಶಿಕ್ಷಕರು ಸಿಗುತ್ತಾರೋ ಅದಕ್ಕೆ ತಕ್ಕಂತೆ ಹೊಲಿಗೆಯನ್ನೋ ಡೇಟಾ ಎಂಟ್ರಿಯನ್ನೋ ಕಲಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸಲಾಗುತ್ತದೆ; ಆ ಕೌಶಲ ಬೇಕೆನ್ನುವ ಉದ್ಯೋಗದಾತರು ಸಿಗದೆ, ಕಲಿತವರು ಮತ್ತೊಂದು ತರಬೇತಿಗೆ ಹೆಸರು ಬರೆಸುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ‘ಬೆಂಬಲಿತ ಉದ್ಯೋಗ’ ಪದ್ಧತಿ ಈ ಕ್ರಮವನ್ನು ಹಿಂದುಮುಂದಾಗಿಸಿತು. ವ್ಯಕ್ತಿಗೆ ಹೊಂದುವ ನಿಜವಾದ ಕೆಲಸವೊಂದನ್ನು ಮೊದಲು ಗುರುತಿಸಿ, ಆ ಕೆಲಸ ನಡೆಯುವ ಜಾಗದಲ್ಲೇ, ಅಗತ್ಯವಿರುವಷ್ಟು ಕಾಲ ಪಕ್ಕದಲ್ಲಿ ನಿಂತು ಕಲಿಸುವುದು ಇದರ ಬಗೆ. 1986ರಲ್ಲಿ ಅಲ್ಲಿನ ಪುನರ್ವಸತಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಇದಕ್ಕೆ ಕಾನೂನಿನ ಸ್ಥಾನವೂ ದೊರೆಯಿತು. ಉದ್ಯೋಗದಾತರು ಬಾಗಿಲು ತೆರೆಯದಿದ್ದರೆ ಈ ಪದ್ಧತಿ ಒಂದು ಹೆಜ್ಜೆಯೂ ಮುಂದೆ ಹೋಗದು. ತರಬೇತಿ ಸಂಸ್ಥೆ ಮತ್ತು ಉದ್ಯೋಗದಾತರು ಸೇರಿ ಅಂಥ ಸಹಭಾಗಿತ್ವವನ್ನು ಕಟ್ಟುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಕಂಪನಿಯ ತೊಡಕಿನಿಂದ ಆರಂಭಿಸಿ

ಉದ್ಯೋಗದಾತರ ಬಳಿ ಹೋಗುವಾಗ ಸಹಾಯದ ಮನವಿಪತ್ರ ಹಿಡಿದುಹೋದರೆ ದೇಣಿಗೆ ಸಿಗಬಹುದು, ಕೆಲಸ ಸಿಗುವುದು ಅಪರೂಪ. ಇಂದು ಹಲವು ದೇಶಗಳಿಗೆ ಹಬ್ಬಿರುವ ‘ಪ್ರಾಜೆಕ್ಟ್ ಸರ್ಚ್’ ಕಾರ್ಯಕ್ರಮ 1996ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಗ್ರಿಗಳನ್ನು ಆಯಾ ಜಾಗಕ್ಕೆ ತುಂಬಿಡುವ ಕೆಲಸಕ್ಕೆ ಸೇರಿದವರು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಆ ವಿಭಾಗದ ಶುಶ್ರೂಷಾ ಮುಖ್ಯಸ್ಥೆಯಾಗಿದ್ದ ಎರಿನ್ ರೀಲ್, ಬೆಳವಣಿಗೆ ಸಂಬಂಧಿ ಅಂಗವೈಕಲ್ಯವುಳ್ಳ ಯುವಜನರಿಗೆ ತರಬೇತಿ ಕೊಟ್ಟು ಈ ಕೆಲಸವನ್ನು ವಹಿಸಬಹುದೇ ಎಂದು ಯೋಚಿಸಿದರು. ಅಲ್ಲಿ ತೊಡಕು ಆಸ್ಪತ್ರೆಯದಾಗಿತ್ತು, ಆದ್ದರಿಂದ ಅದರ ಪರಿಹಾರವೂ ಆಸ್ಪತ್ರೆಯ ಸ್ವಂತದ್ದೇ ಆಯಿತು.

ಹಾಗಾಗಿ ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಇಷ್ಟೇ: ಯಾವ ಹುದ್ದೆಗೆ ಜನ ನಿಲ್ಲುತ್ತಿಲ್ಲ, ಯಾವ ಕೆಲಸ ಸದಾ ಬಾಕಿ ಬೀಳುತ್ತದೆ, ಹೆಚ್ಚಿನ ಸಂಬಳದ ಪರಿಣತರು ತಮ್ಮದಲ್ಲದ ಯಾವ ಸಣ್ಣ ಕೆಲಸಗಳಿಗೆ ಹೊತ್ತು ಕಳೆಯುತ್ತಿದ್ದಾರೆ. ಒಪ್ಪಂದಕ್ಕೆ ಸಹಿ ಹಾಕುವವರು ಮಾನವ ಸಂಪನ್ಮೂಲ ವಿಭಾಗದವರಾದರೂ, ಯೋಜನೆ ಉಳಿಯುವುದೋ ಬೀಳುವುದೋ ಎಂಬುದು ಆಯಾ ವಿಭಾಗದ ಸೂಪರ್‌ವೈಸರ್ ಕೈಯಲ್ಲಿರುತ್ತದೆ. ಅವರಿಲ್ಲದ ಸಭೆಯನ್ನು ನಾನಂತೂ ಸಭೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೇ ಹಂತ: ಕೆಲಸವನ್ನು ಬಿಡಿಸಿ ನೋಡಿ

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಶ್ರಮ ಬೇಡುವ, ಆದರೆ ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ಹುದ್ದೆಯ ವಿವರಣೆಯ ಹಾಳೆಯನ್ನು ಓದಿದರೆ ಸಾಲದು. ತರಬೇತುದಾರರು ಕೆಲಸದ ಜಾಗಕ್ಕೆ ಹೋಗಿ, ಒಂದು ಶಿಫ್ಟ್ ಪೂರ್ತಿ ನಿಂತು ನೋಡಬೇಕು, ಸಾಧ್ಯವಾದರೆ ಆ ಕೆಲಸವನ್ನು ತಾವೇ ಮಾಡಿ ನೋಡಬೇಕು. ಪ್ರತಿಯೊಂದು ಕೆಲಸವನ್ನೂ ಅದರ ಬಿಡಿಬಿಡಿ ಕ್ರಿಯೆಗಳಾಗಿ ಒಡೆದು, ಯಾವ ಕ್ರಿಯೆಯ ನಂತರ ಯಾವುದು, ಸರಿಯಾಗಿದೆ ಎಂದು ತಿಳಿಯುವುದು ಹೇಗೆ, ತಪ್ಪಿದರೆ ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಅಮೆರಿಕದ ವಿಶೇಷ ಶಿಕ್ಷಣ ತಜ್ಞ ಮಾರ್ಕ್ ಗೋಲ್ಡ್ 1970ರ ದಶಕದಲ್ಲಿ ಇದೇ ವಿಧಾನದಿಂದ, ತೀವ್ರ ಬೌದ್ಧಿಕ ಅಂಗವೈಕಲ್ಯವುಳ್ಳವರು ಅನೇಕ ಬಿಡಿಭಾಗಗಳಿರುವ ಸೈಕಲ್ ಬ್ರೇಕನ್ನು ತಾವಾಗಿ ಜೋಡಿಸುವಂತೆ ಕಲಿಸಿ ತೋರಿಸಿದ್ದರು. ಕಲಿಯುವವರಿಗೆ ಅರ್ಥವಾಗದಿದ್ದರೆ ಕಲಿಸುವ ಬಗೆಯನ್ನು ಬದಲಿಸಬೇಕು ಎಂಬುದು ಅವರ ನಿಲುವಾಗಿತ್ತು.

ಹೀಗೆ ಬಿಡಿಸಿದಾಗ ಎರಡು ಸಂಗತಿಗಳು ಹೊರಬೀಳುತ್ತವೆ. ಒಂದು, ಹುದ್ದೆಯ ಅರ್ಹತೆಗಳಲ್ಲಿ ಕೆಲವು ಕೇವಲ ರೂಢಿಯಿಂದ ಸೇರಿಕೊಂಡಿರುತ್ತವೆ: ವಾಹನ ಓಡಿಸುವ ಅಗತ್ಯವೇ ಇಲ್ಲದ ಹುದ್ದೆಗೆ ಚಾಲನಾ ಪರವಾನಗಿ, ಲಿಖಿತ ಸಂದೇಶದಲ್ಲೇ ಮುಗಿಯುವ ಕೆಲಸಕ್ಕೆ ‘ಉತ್ತಮ ಮಾತುಗಾರಿಕೆ’. ಇವನ್ನು ತೆಗೆದುಹಾಕಿದರೆ ಕಿವುಡರಿಗೆ, ದೃಷ್ಟಿದೋಷವುಳ್ಳವರಿಗೆ ಮುಚ್ಚಿದ್ದ ದಾರಿ ತೆರೆಯುತ್ತದೆ. ಎರಡನೆಯದು, ಹಲವರ ನಡುವೆ ಹಂಚಿಹೋಗಿರುವ ಸ್ಕ್ಯಾನಿಂಗ್, ದಾಸ್ತಾನು ಎಣಿಕೆ, ಲೇಬಲ್ ಪರಿಶೀಲನೆಯಂಥ ಕೆಲಸಗಳನ್ನು ಒಗ್ಗೂಡಿಸಿ ಹೊಸ ಹುದ್ದೆಯನ್ನೇ ರೂಪಿಸಬಹುದು. ಆದರೆ ಬೇರೆ ಯಾರೂ ಮಾಡಲೊಲ್ಲದ ಕೆಲಸಗಳನ್ನೆಲ್ಲ ಗುಡ್ಡೆಹಾಕಿ ಅದಕ್ಕೊಂದು ಹುದ್ದೆಯ ಹೆಸರಿಡುವುದನ್ನು ತರಬೇತಿ ಸಂಸ್ಥೆ ಒಪ್ಪಬಾರದು.

ಮೂರನೇ ಹಂತ: ಒಡಂಬಡಿಕೆಯನ್ನು ಬರೆದಿಡಿ

ಬಾಯಿಮಾತಿನ ಸದ್ಭಾವನೆ ಮೊದಲ ಸಮಸ್ಯೆ ಬರುವವರೆಗೆ ಮಾತ್ರ ಬಾಳುತ್ತದೆ. ತರಬೇತಿಯ ಅವಧಿ, ದಿನದ ಗಂಟೆಗಳು, ತರಬೇತಿ ಭತ್ಯೆ ಕೊಡುವವರು ಯಾರು, ಅಪಘಾತ ವಿಮೆ ಯಾರ ಹೊಣೆ, ಕೆಲಸದ ಜಾಗದಲ್ಲಿ ಕಲಿಸುವ ಜಾಬ್ ಕೋಚ್‌ಗೆ ಯಾವ ವಿಭಾಗಗಳವರೆಗೆ ಪ್ರವೇಶ, ದೂರು ಬಂದರೆ ಯಾರ ಬಳಿ ಹೋಗಬೇಕು ಎಂಬುದೆಲ್ಲ ಕಾಗದದ ಮೇಲಿರಬೇಕು. ಅಭ್ಯರ್ಥಿಯ ವೈದ್ಯಕೀಯ ವಿವರಗಳಲ್ಲಿ ಏನನ್ನು, ಯಾರಿಗೆ, ಅವರ ಒಪ್ಪಿಗೆಯಿಂದ ಮಾತ್ರ ತಿಳಿಸಲಾಗುವುದು ಎಂಬುದನ್ನೂ ಸೇರಿಸಿ. ಬಹುಮುಖ್ಯವಾದ ಷರತ್ತು ನೇಮಕಾತಿಯದು: ಎಷ್ಟು ಹುದ್ದೆಗಳು ಖಾಲಿಯಿವೆ, ಯಾವ ಮಟ್ಟ ಮುಟ್ಟಿದವರನ್ನು ನೇಮಿಸಲಾಗುವುದು, ತೀರ್ಮಾನ ಯಾವ ದಿನಾಂಕದೊಳಗೆ ಆಗಬೇಕು. ಇದಿಲ್ಲದ ತರಬೇತಿ, ಒಂದು ತಂಡದ ನಂತರ ಮತ್ತೊಂದು ತಂಡವನ್ನು ಬಿಟ್ಟಿಯಾಗಿ ದುಡಿಸಿಕೊಳ್ಳುವ ವ್ಯವಸ್ಥೆಯಾಗಿ ಬಿಡಬಹುದು. ಕನಿಷ್ಠ ವೇತನ ಮತ್ತು ತರಬೇತಿ ಅವಧಿಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಸಹಿಗೆ ಮುನ್ನ ಕಾರ್ಮಿಕ ಕಾನೂನು ಬಲ್ಲವರಿಗೆ ಕರಡನ್ನು ತೋರಿಸುವುದು ಒಳ್ಳೆಯದು.

ನಾಲ್ಕನೇ ಹಂತ: ಆಯ್ಕೆ ಮತ್ತು ಸಿದ್ಧತೆ

2006ರಲ್ಲಿ ಅಂಗೀಕಾರವಾದ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 27ನೇ ವಿಧಿ, ಸ್ವತಂತ್ರವಾಗಿ ಆರಿಸಿಕೊಂಡ ಕೆಲಸದಿಂದ ಬದುಕು ಸಾಗಿಸುವ ಹಕ್ಕನ್ನು ಹೇಳುತ್ತದೆ. ಕುಟುಂಬದವರೂ ಸಂಸ್ಥೆಯವರೂ ಸೇರಿ ತೀರ್ಮಾನಿಸಿ ಅಭ್ಯರ್ಥಿಯನ್ನು ಕರೆತಂದು ಕೂರಿಸಿದರೆ ಅದು ಆಯ್ಕೆಯಾಗುವುದಿಲ್ಲ. ಜಾಗವನ್ನು ತೋರಿಸಿ, ಸದ್ದು, ಬೆಳಕು, ಪಾಳಿ, ಪ್ರಯಾಣ ಎಲ್ಲವನ್ನೂ ತಿಳಿಸಿ, ಒಂದೆರಡು ದಿನ ಕೆಲಸ ಮಾಡಿ ನೋಡಲು ಬಿಟ್ಟು, ಬಳಿಕ ಕೇಳಿ. ಆಟಿಸಂ ಇರುವ ಅನೇಕರಿಗೆ ಸಂದರ್ಶನದ ಪ್ರಶ್ನೋತ್ತರಕ್ಕಿಂತ ಇಂಥ ಪ್ರಾಯೋಗಿಕ ಪರೀಕ್ಷೆ ನ್ಯಾಯಯುತವಾದ ಅವಕಾಶ.

ಕೆಲಸಕ್ಕೆ ಬೇಕಾದ ಹೊಂದಾಣಿಕೆಗಳು ಮೊದಲ ದಿನಕ್ಕೆ ಮುನ್ನವೇ ಸಿದ್ಧವಾಗಿರಬೇಕು. ಕಂಪನಿಯ ತಂತ್ರಾಂಶ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನೊಂದಿಗೆ ಕೆಲಸ ಮಾಡುತ್ತದೆಯೇ ಎಂಬುದನ್ನು ದೃಷ್ಟಿದೋಷವುಳ್ಳ ಬಳಕೆದಾರರಿಂದಲೇ ಪರೀಕ್ಷಿಸಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುವುದರಿಂದ ಇದಕ್ಕೆ ವೆಚ್ಚದ ನೆಪವಿಲ್ಲ. ಕಿವುಡರಿರುವಲ್ಲಿ ಬೆಂಕಿಯ ಎಚ್ಚರಿಕೆ ಗಂಟೆಗೆ ಬೆಳಕಿನ ಸೂಚನೆಯೂ ಸುರಕ್ಷತಾ ಪಾಠಕ್ಕೆ ಸಂಜ್ಞೆ ಭಾಷೆಯ ದುಭಾಷಿಯೂ ಬೇಕು. ಗಾಲಿಕುರ್ಚಿಗೆ ಪ್ರವೇಶದ್ವಾರದ ಇಳಿಜಾರು ಕಟ್ಟಿ ಶೌಚಾಲಯವನ್ನು ಮರೆಯುವ ಕಟ್ಟಡಗಳಿಗೆ ಲೆಕ್ಕವಿಲ್ಲ. ಪಾಳಿಯ ಸಮಯ ಬದಲಿಸುವುದು, ಸೂಚನೆಯನ್ನು ಬರೆದುಕೊಡುವುದು, ಕೂರುವ ಜಾಗವನ್ನು ಸದ್ದಿನಿಂದ ದೂರ ಸರಿಸುವುದು ಮುಂತಾದ ಅನೇಕ ಹೊಂದಾಣಿಕೆಗಳಿಗೆ ಖರ್ಚೇ ಇರುವುದಿಲ್ಲ. ಏನು ಬೇಕೆಂಬುದನ್ನು ಊಹಿಸದೆ ಆ ವ್ಯಕ್ತಿಯನ್ನೇ ಕೇಳಿ.

ಐದನೇ ಹಂತ: ಕಲಿಸುವುದು, ಹಿಂದೆ ಸರಿಯುವುದು

ಪ್ರಾಜೆಕ್ಟ್ ಸರ್ಚ್‌ನ ಮಾದರಿಯಲ್ಲಿ ಕಲಿಯುವವರು ಸುಮಾರು ಒಂದು ಶಾಲಾ ವರ್ಷದಷ್ಟು ಕಾಲ ಒಂದೇ ಸಂಸ್ಥೆಯಲ್ಲಿದ್ದು, ಸಾಮಾನ್ಯವಾಗಿ ಮೂರು ಬೇರೆಬೇರೆ ವಿಭಾಗಗಳಲ್ಲಿ ಕೆಲಸ ಮಾಡಿ ನೋಡುತ್ತಾರೆ. ತಮಗೇನು ಇಷ್ಟವೆಂದು ಅವರಿಗೂ, ಯಾರಿಗೆ ಏನು ಒಗ್ಗುತ್ತದೆಂದು ಸೂಪರ್‌ವೈಸರ್‌ಗೂ ತಿಳಿಯಲು ಇಷ್ಟು ಕಾಲ ಬೇಕಾಗುತ್ತದೆ. ಎಲ್ಲ ಹುದ್ದೆಗೂ ಇದೇ ಅವಧಿ ಬೇಕಿಲ್ಲ. ಲೆಕ್ಕಪತ್ರ ಬಲ್ಲ ದೃಷ್ಟಿದೋಷವುಳ್ಳ ಪದವೀಧರರಿಗೆ ಆ ಕಂಪನಿಯ ತಂತ್ರಾಂಶದ ಪರಿಚಯವಷ್ಟೇ ಸಾಕಾಗಬಹುದು.

ಜಾಬ್ ಕೋಚ್ ಆರಂಭದಲ್ಲಿ ಮಾಡಿ ತೋರಿಸುತ್ತಾರೆ, ನಂತರ ಮಾತಿನಲ್ಲಿ ಸೂಚಿಸುತ್ತಾರೆ, ಬಳಿಕ ಚಿತ್ರಗಳಿರುವ ಪಟ್ಟಿಯತ್ತ ಕೈತೋರಿಸಿ ಸುಮ್ಮನಾಗುತ್ತಾರೆ, ಕೊನೆಗೆ ದೂರದಿಂದ ಗಮನಿಸುತ್ತಾರೆ. ಈ ಹಿಂದೆ ಸರಿಯುವಿಕೆಯನ್ನು ಮೊದಲ ವಾರದಲ್ಲೇ ಯೋಜಿಸಬೇಕು, ಇಲ್ಲವಾದರೆ ಸಹೋದ್ಯೋಗಿಗಳು ಪ್ರತಿಯೊಂದಕ್ಕೂ ಕೋಚ್‌ರನ್ನೇ ಕರೆಯುವ ಅಭ್ಯಾಸ ಮಾಡಿಕೊಳ್ಳುತ್ತಾರೆ ಮತ್ತು ಕಲಿಯುವವರು ಆ ತಂಡದ ಅತಿಥಿಯಾಗಿಯೇ ಉಳಿಯುತ್ತಾರೆ. ಕೆಲಸ ಹೇಳುವುದು, ತಿದ್ದುವುದು, ಮೆಚ್ಚುವುದು ಎಲ್ಲವೂ ಸಾಧ್ಯವಾದಷ್ಟು ಬೇಗ ಸೂಪರ್‌ವೈಸರ್‌ರಿಂದಲೇ ಬರಬೇಕು. ತಂಡದವರಿಗೆ ದೀರ್ಘ ಉಪನ್ಯಾಸ ಬೇಕಿಲ್ಲ. ಮಾತನಾಡುವಾಗ ದುಭಾಷಿಯ ಬದಲು ಕಿವುಡ ಸಹೋದ್ಯೋಗಿಯ ಮುಖ ನೋಡುವುದು, ಕೇಳದೆ ಗಾಲಿಕುರ್ಚಿ ತಳ್ಳದಿರುವುದು, ತಪ್ಪಾದಾಗ ಮರುಕದಿಂದ ಮುಚ್ಚಿಡದೆ ಎಲ್ಲರಿಗೆ ಹೇಳುವಂತೆಯೇ ಹೇಳುವುದು ಮುಂತಾದ ನಡವಳಿಕೆಗಳನ್ನು ಅರ್ಧ ಗಂಟೆಯಲ್ಲಿ ಮಾಡಿ ತೋರಿಸಬಹುದು.

ಆರನೇ ಹಂತ: ನೇಮಕದ ನಂತರ

ಕೆಲಸ ಸಿಕ್ಕಿತೆಂದು ಕಡತ ಮುಚ್ಚುವ ಸಂಸ್ಥೆಗಳು ಬಹಳ. ತೊಂದರೆ ಬರುವುದು ಹೆಚ್ಚಾಗಿ ತಿಂಗಳುಗಳ ನಂತರ: ಸೂಪರ್‌ವೈಸರ್ ಬದಲಾಗುತ್ತಾರೆ, ಹೊಸ ತಂತ್ರಾಂಶ ಬರುತ್ತದೆ, ವಿಭಾಗ ಬೇರೆ ಮಹಡಿಗೆ ಹೋಗುತ್ತದೆ. ಮೊದಲ ವರ್ಷ ನಿಗದಿತ ಅಂತರದಲ್ಲಿ ಭೇಟಿ ನೀಡುವ ಹೊಣೆಯನ್ನು ಒಡಂಬಡಿಕೆಯಲ್ಲೇ ಸೇರಿಸಿ. ಒಪ್ಪಿಕೊಂಡ ಹೊಂದಾಣಿಕೆಗಳ ಪಟ್ಟಿ ಹೊಸ ಸೂಪರ್‌ವೈಸರ್‌ಗೆ ಹಸ್ತಾಂತರವಾಗುವಂತೆ ನೋಡಿಕೊಳ್ಳಿ. ಎಷ್ಟು ಜನ ತರಬೇತಿ ಪಡೆದರು ಎಂಬ ಸಂಖ್ಯೆ ವರದಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಒಂದು ವರ್ಷದ ನಂತರ ಎಷ್ಟು ಜನ ಉಳಿದಿದ್ದಾರೆ, ಅದೇ ಕೆಲಸ ಮಾಡುವ ಇತರರಷ್ಟೇ ವೇತನ ಅವರಿಗೆ ಸಿಗುತ್ತಿದೆಯೇ, ಯಾರಿಗಾದರೂ ಬಡ್ತಿ ಸಿಕ್ಕಿದೆಯೇ.

ತರಬೇತಿ ಮುಗಿಸಿಯೂ ನೇಮಕವಾಗದವರಿಗೆ, ಯಾವ ಕೆಲಸಗಳನ್ನು ಸಹಾಯವಿಲ್ಲದೆ ಮಾಡಬಲ್ಲರು ಎಂದು ಸ್ಪಷ್ಟವಾಗಿ ಹೇಳುವ ಅನುಭವ ಪತ್ರವನ್ನು ಉದ್ಯೋಗದಾತರೇ ಕೊಡಬೇಕು. ಒಂದೇ ಪ್ರದೇಶದ ಸಣ್ಣ ಉದ್ಯೋಗದಾತರು ನಾಲ್ಕೈದು ಮಂದಿ ಸೇರಿ ಒಬ್ಬ ಜಾಬ್ ಕೋಚ್‌ರ ವೆಚ್ಚವನ್ನು ಹಂಚಿಕೊಂಡರೆ, ಒಂದು ಕಡೆ ಹುದ್ದೆ ಖಾಲಿಯಿಲ್ಲದಾಗ ಆ ಪತ್ರ ಹಿಡಿದು ಮತ್ತೊಂದು ಕಡೆಗೆ ಹೋಗುವ ದಾರಿಯೂ ಇರುತ್ತದೆ.